ಹಿಮನದಿಯನ್ನು ಕಂಡುಹಿಡಿದವರು ಯಾರು?

ಭೂಗೋಳದ ಪ್ರಶ್ನಪತ್ರಿಕೆಯಲ್ಲಿ ‘ಕಂಡುಹಿಡಿದವರು ಯಾರು?’ ಎಂಬ ಪ್ರಶ್ನೆ ತಪ್ಪುವುದೇ ಅಪರೂಪ. ವಿದ್ಯಾರ್ಥಿಯು ಒಂದು ಹೆಸರನ್ನೂ ಒಂದು ಇಸವಿಯನ್ನೂ ಬರೆದು ಅಂಕಗಳನ್ನು ಪಡೆಯುತ್ತಾನೆ. ಆದರೆ ಒಂದು ನೆಲವನ್ನು ಮೊದಲು ಕಂಡ ಮಾತ್ರಕ್ಕೆ ಅದನ್ನು ಅರಿತಂತಾಯಿತೇ? ಉತ್ತರ ಧ್ರುವಪ್ರದೇಶದ ಸ್ವಾಲ್‌ಬಾರ್ಡ್ ದ್ವೀಪಸ್ತೋಮದ ಕಥೆಯು ಈ ವಿಷಯದಲ್ಲಿ ನಮಗೆ ಒಳ್ಳೆಯ ಪಾಠವಾಗಿದೆ.

ಈ ದ್ವೀಪಗಳು ನಾರ್ವೆ ದೇಶದ ಮುಖ್ಯ ಭೂಭಾಗಕ್ಕೆ ಉತ್ತರದಲ್ಲಿ, 74ರಿಂದ 81 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇವೆ. ಇವುಗಳ ಅರ್ಧಕ್ಕಿಂತ ಹೆಚ್ಚು ನೆಲವನ್ನು ಹಿಮನದಿಗಳು ಆವರಿಸಿವೆ. 1596ರ ಜೂನ್ ತಿಂಗಳಲ್ಲಿ ಡಚ್ ನಾವಿಕ ವಿಲೆಮ್ ಬ್ಯಾರೆಂಟ್ಸನೂ ಅವನ ಸಂಗಡಿಗರೂ ಪೂರ್ವದೇಶಗಳಿಗೆ ಉತ್ತರದ ಜಲಮಾರ್ಗವನ್ನು ಅರಸುತ್ತ ಹೊರಟು ಇವನ್ನು ಕಂಡರು. ಮೊನಚಾದ ಬೆಟ್ಟಗಳನ್ನು ನೋಡಿ ‘ಸ್ಪಿಟ್ಸ್‌ಬರ್ಗೆನ್’ ಎಂದು ಹೆಸರಿಟ್ಟರು. ಆದರೆ ತಾವು ಕಂಡದ್ದು ಗ್ರೀನ್‌ಲೆಂಡಿನ ಭಾಗವೆಂದೇ ಅವರು ಭಾವಿಸಿದ್ದರು! ಹಿಮದಲ್ಲಿ ಸಿಕ್ಕಿ ಒಂದು ಚಳಿಗಾಲವನ್ನು ಕಳೆದ ಬ್ಯಾರೆಂಟ್ಸನು 1597ರಲ್ಲಿ ಹಿಂದಿರುಗುವ ದಾರಿಯಲ್ಲಿಯೇ ಮಡಿದನು. ಅವನ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೂ ಕಾಣುವುದು ಬೇರೆ, ಅರಿಯುವುದು ಬೇರೆ.

ಕನ್ನಡದಲ್ಲಿ ನಾವು ‘ಹಿಮನದಿ’ ಎನ್ನುತ್ತೇವೆ. ನದಿಯೆಂಬುದು ಇಲ್ಲಿ ಬರಿಯ ಅಲಂಕಾರವಲ್ಲ. ಬಿದ್ದ ಹಿಮವು ವರ್ಷ ವರ್ಷವೂ ಪದರಪದರವಾಗಿ ಕೂಡಿ, ತನ್ನ ಭಾರಕ್ಕೆ ತಾನೇ ಅದುಮಿ, ಗಟ್ಟಿ ಮಂಜುಗಡ್ಡೆಯಾಗಿ ಇಳಿಜಾರಿನಲ್ಲಿ ಹರಿಯುತ್ತದೆ. ಈ ಚಲನೆಯನ್ನು ಹಡಗಿನಿಂದ ಒಮ್ಮೆ ನೋಡಿದವನು ತಿಳಿಯಲಾರನು; ಅಲ್ಲಿಯೇ ನಿಂತು ಅಳೆದವನು ಮಾತ್ರ ತಿಳಿಯಬಲ್ಲನು.

ಸ್ಪಿಟ್ಸ್‌ಬರ್ಗೆನ್ ದ್ವೀಪದ ನ್ಯೂ ಓಲೆಸುಂಡ್ ಹಿಂದೆ ಕಲ್ಲಿದ್ದಲ ಗಣಿಯ ಊರು. 1962ರ ಗಣಿ ಸ್ಫೋಟದಲ್ಲಿ 21 ಮಂದಿ ಮಡಿದ ತರುವಾಯ ಗಣಿಯು ಮುಚ್ಚಿ, ಊರು ಸಂಶೋಧಕರ ನೆಲೆಯಾಯಿತು. ಅಲ್ಲಿಗೆ ಸಮೀಪದ ಒಂದು ಹಿಮನದಿಯನ್ನು ನಾರ್ವೆಯ ವಿಜ್ಞಾನಿಗಳು 1967ರಿಂದ ಪ್ರತಿವರ್ಷವೂ ಅಳೆಯುತ್ತಿದ್ದಾರೆ. ಕ್ರಮವು ಸರಳವಾದುದು: ಮಂಜುಗಡ್ಡೆಯಲ್ಲಿ ಕೋಲುಗಳನ್ನು ನೆಡುವುದು, ವಸಂತದಲ್ಲಿ ಎಷ್ಟು ಹಿಮ ಕೂಡಿತು, ಬೇಸಗೆಯ ಕೊನೆಗೆ ಎಷ್ಟು ಕರಗಿತು ಎಂದು ಲೆಕ್ಕವಿಡುವುದು. ಹೆಚ್ಚುಕಡಮೆ ಪ್ರತಿವರ್ಷವೂ ಆಯಕ್ಕಿಂತ ವ್ಯಯವೇ ಮಿಗಿಲಾಗಿದೆಯೆಂದು ಈ ಲೆಕ್ಕವು ಸಾರುತ್ತಿದೆ. 2008ರಲ್ಲಿ ಅದೇ ಊರಿನಲ್ಲಿ ಭಾರತವು ‘ಹಿಮಾದ್ರಿ’ ಎಂಬ ಸಂಶೋಧನ ಕೇಂದ್ರವನ್ನು ತೆರೆಯಿತು. ನಮ್ಮ ದೇಶದ ವಿಜ್ಞಾನಿಗಳೂ ಅಲ್ಲಿ ಹಿಮನದಿಗಳನ್ನು ಅಳೆಯುತ್ತಿದ್ದಾರೆ.

ಅಷ್ಟು ದೂರದ ಮಂಜುಗಡ್ಡೆಯ ಗೊಡವೆ ನಮಗೇಕೆಂದು ಕೆಲವರು ಕೇಳಬಹುದು. ನೆಲದ ಮೇಲಿನ ಹಿಮವು ಕರಗಿದರೆ ಆ ನೀರು ಸೇರುವುದು ಸಮುದ್ರವನ್ನೇ. ಸಮುದ್ರವು ಒಂದೇ, ಅದರ ದಡದಲ್ಲಿಯೇ ಈ ಮುಂಬಯಿ ಇದೆ. ಕೂಲಿಗಾಗಿ, ನೌಕರಿಗಾಗಿ ಊರು ಬಿಟ್ಟು ಬಂದು ಇಲ್ಲಿ ನೆಲೆನಿಂತ ನಮಗೆ ಆ ಲೆಕ್ಕವು ಪರರ ಲೆಕ್ಕವಲ್ಲ.

ಆದುದರಿಂದ, ಕಂಡುಹಿಡಿದವರ ಹೆಸರಿನೊಡನೆ ‘ಅಳೆದವರು ಯಾರು, ಹೇಗೆ ಅಳೆದರು?’ ಎಂಬ ಪ್ರಶ್ನೆಯನ್ನೂ ನಮ್ಮ ಪಾಠಗಳಲ್ಲಿ ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ. ಹೊಸ ದ್ವೀಪಗಳು ಇನ್ನು ಉಳಿದಿಲ್ಲವೆಂದು ವಿದ್ಯಾರ್ಥಿಗಳು ಮರುಗಬೇಕಾಗಿಲ್ಲ. ಶಾಲೆಯ ಮಾಳಿಗೆಯ ಮೇಲೆ ಒಂದು ಮಳೆಮಾಪಕವನ್ನಿಟ್ಟು, ಜೂನ್‌ನಿಂದ ಸೆಪ್ಟೆಂಬರಿನವರೆಗೆ ದಿನವೂ ತಪ್ಪದೆ ಮಳೆಯನ್ನು ಅಳೆದು ಬರೆದಿಡಲಿ. ಮರುವರ್ಷವೂ ಬರೆಯಲಿ, ಅವರ ತರುವಾಯ ಬಂದವರೂ ಬರೆಯಲಿ. ಧ್ರುವದ ದ್ವೀಪದಲ್ಲಿ ಕೋಲು ನೆಟ್ಟವರು ಮಾಡುತ್ತಿರುವ ಕೆಲಸವೂ ಇದೇ ಅಲ್ಲವೇ?