ಕೌಶಲಕ್ಕೆ ಪ್ರತ್ಯೇಕ ಪತ್ರಿಕೆ ಸಾಕೇ?

ಪದವಿ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ಗರಿಷ್ಠ ಎರಡು ವರ್ಷಗಳವರೆಗೆ ತಿಂಗಳಿಗೆ 3,000 ರೂಪಾಯಿ ನೀಡುವ ಯುವನಿಧಿ ಯೋಜನೆಗೆ ರಾಜ್ಯ ಸರ್ಕಾರ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ನೀಡಿತು. ಬಡ ಕುಟುಂಬಗಳಿಗೆ ಈ ಹಣ ಆಸರೆಯೆಂಬುದರಲ್ಲಿ ಅನುಮಾನವಿಲ್ಲ. ಆದರೆ ಆರು ಸೆಮಿಸ್ಟರ್‌ಗಳ ಪರೀಕ್ಷೆ ಬರೆದು ಹೊರಬಂದ ಯುವಜನರಿಗೆ ಇಂಥ ಆಸರೆ ಬೇಕೆಂದು ಸರ್ಕಾರವೇ ಒಪ್ಪಿಕೊಂಡಿರುವಾಗ, ಆ ಮೂರು ವರ್ಷಗಳಲ್ಲಿ ವಿಶ್ವವಿದ್ಯಾಲಯಗಳು ಏನನ್ನು, ಹೇಗೆ ಕಲಿಸುತ್ತಿವೆ ಎಂಬ ಪ್ರಶ್ನೆಯನ್ನು ಇನ್ನು ಮುಂದೂಡಲಾಗದು. ಉದ್ಯೋಗ ಸೃಷ್ಟಿ ಆರ್ಥಿಕತೆಯ ಹೊಣೆಯೇ ಹೊರತು ಕಾಲೇಜುಗಳದ್ದಲ್ಲ, ನಿಜ. ಆದರೂ ಇರುವ ಅವಕಾಶಗಳ ಬಾಗಿಲು ತಟ್ಟುವ ಶಕ್ತಿಯನ್ನು ವಿದ್ಯಾರ್ಥಿಗೆ ಕೊಡಬೇಕಾದ ಹೊಣೆಯಿಂದ ಕಾಲೇಜುಗಳು ನುಣುಚಿಕೊಳ್ಳುವಂತಿಲ್ಲ.

ಆ ಶಕ್ತಿಯನ್ನು ಉದ್ಯೋಗಾರ್ಹತೆ ಎಂದು ಕರೆಯಲಾಗುತ್ತದೆ. ಬ್ರಿಟನ್ನಿನ ಶಿಕ್ಷಣ ವಿದ್ವಾಂಸರಾದ ಮ್ಯಾಂಟ್ಜ್ ಯಾರ್ಕ್ ಮತ್ತು ಪೀಟರ್ ನೈಟ್ ಇದರಲ್ಲಿ ನಾಲ್ಕು ಅಂಶಗಳನ್ನು ಗುರುತಿಸಿದರು: ವಿಷಯದ ಆಳವಾದ ತಿಳಿವಳಿಕೆ, ಅದನ್ನು ಬಳಸುವ ನೈಪುಣ್ಯ, ತನ್ನಿಂದ ಸಾಧ್ಯ ಎಂಬ ನಂಬಿಕೆ, ಮತ್ತು ತಾನು ಕಲಿತದ್ದನ್ನು ತಾನೇ ಪರಿಶೀಲಿಸಿಕೊಳ್ಳುವ ಅರಿವು. ಈ ನಾಲ್ಕೂ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ, ನೈಪುಣ್ಯವನ್ನಷ್ಟೇ ಬಿಡಿಸಿ ತೆಗೆದು ಬೇರೆ ಪತ್ರಿಕೆಯಾಗಿ ಬೋಧಿಸಿದರೆ ಉಳಿದ ಮೂರು ತಾವಾಗಿಯೇ ಬೆಳೆಯುತ್ತವೆ ಎಂದು ನಿರೀಕ್ಷಿಸುವುದಕ್ಕೆ ಆಧಾರವಿಲ್ಲ.

ನಮ್ಮಲ್ಲಿ ನಡೆದಿರುವುದು ಬಹುಪಾಲು ಹೀಗೆ ಬಿಡಿಸಿ ತೆಗೆಯುವ ಕೆಲಸವೇ. 1964-66ರ ಕೊಠಾರಿ ಆಯೋಗ ಕಾರ್ಯಾನುಭವವು ಎಲ್ಲ ಹಂತದ ಶಿಕ್ಷಣದ ಅವಿಭಾಜ್ಯ ಅಂಗವಾಗಬೇಕೆಂದಿತ್ತು. ಮುಂದೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 1994-95ರಲ್ಲಿ ಪದವಿ ಹಂತಕ್ಕೆ ವೃತ್ತಿಪರ ವಿಷಯಗಳನ್ನು ತಂದಿತು, 2014ರಲ್ಲಿ ಬಿ.ವೋಕ್ ಪದವಿಯನ್ನು ಆರಂಭಿಸಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021-22ರಲ್ಲಿ ಜಾರಿಗೊಳಿಸಿದಾಗ ಕರ್ನಾಟಕವು ಡಿಜಿಟಲ್ ಫ್ಲುಯೆನ್ಸಿ, ಕೃತಕ ಬುದ್ಧಿಮತ್ತೆಯಂಥ ಕೌಶಲ ಪತ್ರಿಕೆಗಳನ್ನು ಪದವಿಗೆ ಸೇರಿಸಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಬಳಿಕ 2024-25ರಿಂದ ಮೂರು ವರ್ಷದ ಪದವಿ ಮರಳಿತು, ಪಠ್ಯಕ್ರಮದ ಚೌಕಟ್ಟು ಮತ್ತೊಮ್ಮೆ ಬದಲಾಯಿತು. ನೀತಿಗಳು ಬಂದು ಹೋದರೂ ಮೂಲ ವಿಷಯವನ್ನು ಇದ್ದಂತೆಯೇ ಬಿಟ್ಟು, ಪಕ್ಕದಲ್ಲಿ ಕೌಶಲದ ಹೆಸರಿನ ಪತ್ರಿಕೆಯೊಂದನ್ನು ಇಡುವ ಕ್ರಮ ಮಾತ್ರ ಬದಲಾಗಲಿಲ್ಲ.

ಈ ಕ್ರಮದ ದೌರ್ಬಲ್ಯಕ್ಕೆ ಸಂಶೋಧನೆಯ ಸಾಕ್ಷ್ಯವೂ ಇದೆ. ಜೆಫ್ ಮೇಸನ್, ಗ್ಯಾರೆತ್ ವಿಲಿಯಮ್ಸ್ ಮತ್ತು ಸ್ಯೂ ಕ್ರಾನ್ಮರ್ ಬ್ರಿಟನ್ನಿನ ಪದವೀಧರರನ್ನು ಕುರಿತು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯವಸ್ಥಿತ ಕೆಲಸದ ಅನುಭವ ಪಡೆದವರಿಗೆ ಉದ್ಯೋಗ ಸಿಗುವ ಸಾಧ್ಯತೆ ಸ್ಪಷ್ಟವಾಗಿ ಹೆಚ್ಚಿದ್ದು ಕಂಡುಬಂತು. ತರಗತಿಯಲ್ಲಿ ಉದ್ಯೋಗ ಕೌಶಲಗಳನ್ನು ನೇರವಾಗಿ ಬೋಧಿಸಿದ್ದರಿಂದ ಅಂಥ ಪ್ರತ್ಯೇಕ ಪರಿಣಾಮ ಕಾಣಲಿಲ್ಲ. ಸಂವಹನ ಕೌಶಲದ ವಿಧಗಳನ್ನು ಪಟ್ಟಿ ಮಾಡಿ ಐದು ಅಂಕ ಗಳಿಸುವ ವಿದ್ಯಾರ್ಥಿಯು ಹತ್ತು ಜನರೆದುರು ನಿಂತು ಒಂದು ವಿಷಯವನ್ನು ವಿವರಿಸಲು ಹಿಂಜರಿಯುವುದನ್ನು ಕಂಡ ಅಧ್ಯಾಪಕರಿಗೆ ಈ ಫಲಿತಾಂಶ ಆಶ್ಚರ್ಯ ತರಲಾರದು.

ಹಾಗಾದರೆ ಕೌಶಲವು ವಿಷಯದೊಳಗೇ ಬೆಳೆಯುವುದು ಹೇಗೆ ಎಂಬುದಕ್ಕೆ ಹಾವೇರಿ ಜಿಲ್ಲೆಯ ಬ್ಯಾಡಗಿಯನ್ನು ನೋಡಬಹುದು. ಅಲ್ಲಿನ ಎಪಿಎಂಸಿ ದೇಶದ ದೊಡ್ಡ ಒಣಮೆಣಸಿನಕಾಯಿ ಮಾರುಕಟ್ಟೆಗಳಲ್ಲೊಂದು. ಹಂಗಾಮಿನಲ್ಲಿ ಬಳ್ಳಾರಿ, ರಾಯಚೂರು ಮಾತ್ರವಲ್ಲದೆ ಆಂಧ್ರದಿಂದಲೂ ಮಾಲು ಬರುತ್ತದೆ, ಆನ್‌ಲೈನ್ ಟೆಂಡರ್ ಮೂಲಕ ದರ ನಿಗದಿಯಾಗುತ್ತದೆ. 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಸುತ್ತಲಿನ ಕಾಲೇಜುಗಳ ಬಿ.ಎ. ತರಗತಿಗಳಲ್ಲಿ ಬೇಡಿಕೆ, ಪೂರೈಕೆ, ಬೆಲೆ ನಿರ್ಧಾರವೆಂಬ ಅಧ್ಯಾಯಗಳನ್ನು ವರ್ಷವರ್ಷವೂ ಬೋಧಿಸಲಾಗುತ್ತದೆ. ಅದೇ ಅಧ್ಯಾಯವನ್ನು ಕಲಿಯುವ ವಿದ್ಯಾರ್ಥಿಗಳು ಒಂದು ಹಂಗಾಮಿನುದ್ದಕ್ಕೂ ಡಬ್ಬಿ, ಕಡ್ಡಿ, ಗುಂಟೂರು ತಳಿಗಳ ಆವಕ ಮತ್ತು ದರಗಳನ್ನು ದಾಖಲಿಸಿ, ಎಕ್ಸೆಲ್‌ನಲ್ಲಿ ಕೋಷ್ಟಕ ಮಾಡಿ, ತೇವಾಂಶ ಮತ್ತು ಬಣ್ಣದ ಗುಣಮಟ್ಟಕ್ಕೆ ತಕ್ಕಂತೆ ದರ ಏಕೆ ಏರಿಳಿಯುತ್ತದೆಂದು ವರ್ತಕರನ್ನೂ ರೈತರನ್ನೂ ವಿಚಾರಿಸಿ, ಕೊನೆಗೆ ಬೆಳೆಗಾರರಿಗೆ ಅರ್ಥವಾಗುವ ಎರಡು ಪುಟದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದು ತರಗತಿಯ ಮುಂದೆ ಮಂಡಿಸಿದರೆ, ದತ್ತಾಂಶ ವಿಶ್ಲೇಷಣೆ, ಗಣಕಯಂತ್ರ ಬಳಕೆ, ತಂಡವಾಗಿ ದುಡಿಯುವುದು, ಬರವಣಿಗೆ, ಮಾತು ಎಲ್ಲವೂ ಅರ್ಥಶಾಸ್ತ್ರದ ಒಳಗೇ ಅಭ್ಯಾಸವಾಗುತ್ತವೆ. ಇದಕ್ಕೆ ಹೊಸ ಪತ್ರಿಕೆ ಬೇಕಿಲ್ಲ. ಇದರಿಂದ ಅರ್ಥಶಾಸ್ತ್ರವೂ ಸೊರಗುವುದಿಲ್ಲ, ಪಠ್ಯದಲ್ಲಿ ರೇಖಾಚಿತ್ರವಾಗಿಯಷ್ಟೇ ಉಳಿಯುವ ಸಿದ್ಧಾಂತವು ವಿದ್ಯಾರ್ಥಿಯ ಕೈಗೆ ಸಿಕ್ಕಿ ಇನ್ನಷ್ಟು ಗಟ್ಟಿಯಾಗುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಊರಿನ ಶಾಸನ, ಸಸ್ಯಶಾಸ್ತ್ರದವರಿಗೆ ತಾಲ್ಲೂಕಿನ ನರ್ಸರಿ ಇದೇ ಕೆಲಸ ಮಾಡಬಲ್ಲವು.

ಇಂಥ ಕಲಿಕೆಗೆ ದೊಡ್ಡ ಅಡ್ಡಿ ಪರೀಕ್ಷಾ ಪದ್ಧತಿ. ರಾಷ್ಟ್ರೀಯ ನೀತಿಯಡಿ ಪತ್ರಿಕೆಯೊಂದಕ್ಕೆ 60 ಅಂಕ ಸೆಮಿಸ್ಟರ್ ಪರೀಕ್ಷೆಗೂ 40 ಅಂಕ ಆಂತರಿಕ ಮೌಲ್ಯಮಾಪನಕ್ಕೂ ಮೀಸಲಾಗಿದ್ದವು; ಹೊಸ ಚೌಕಟ್ಟಿನಲ್ಲಿ ಅನೇಕ ವಿಶ್ವವಿದ್ಯಾಲಯಗಳು 80 ಮತ್ತು 20ರ ಅನುಪಾತಕ್ಕೆ ಮರಳಿವೆ. ಆಂತರಿಕ ಅಂಕಗಳನ್ನು ಕಣ್ಣುಮುಚ್ಚಿ ಹಂಚಲಾಗುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಮೌಲ್ಯಮಾಪನ ಕೆಟ್ಟಿದ್ದರೆ ಸರಿಪಡಿಸಬೇಕೇ ವಿನಾ ಅದರ ಪಾಲನ್ನೇ ಅರ್ಧಕ್ಕಿಳಿಸುವುದು ಪರಿಹಾರವಲ್ಲ, ಏಕೆಂದರೆ ಒಂದು ಹಂಗಾಮಿನ ಕ್ಷೇತ್ರಕಾರ್ಯವನ್ನು ಮೂರು ಗಂಟೆಯ ಉತ್ತರಪತ್ರಿಕೆ ಅಳೆಯಲಾರದು.

ಕೆಲಸದ ಅನುಭವದ ವಿಚಾರದಲ್ಲಿ ಯುಜಿಸಿ ಈಗ ಅಪ್ರೆಂಟಿಸ್‌ಶಿಪ್ ಅಂತರ್ಗತ ಪದವಿಗಳಿಗೆ, ಅಂದರೆ ಪದವಿಯ ಕೆಲವು ಸೆಮಿಸ್ಟರ್‌ಗಳನ್ನು ಉದ್ಯಮದಲ್ಲಿ ಶಿಷ್ಯವೇತನದೊಂದಿಗೆ ಕಳೆಯುವ ಕೋರ್ಸ್‌ಗಳಿಗೆ ಒತ್ತು ನೀಡುತ್ತಿದೆ. ಇದು ಸ್ವಾಗತಾರ್ಹ. ಆದರೆ ಕರ್ನಾಟಕದಲ್ಲಿ ದೊಡ್ಡ ಕಂಪನಿಗಳು ಬೆಂಗಳೂರಿನ ಸುತ್ತಲೇ ಕಿಕ್ಕಿರಿದಿವೆ. ಪದವಿ ಮಟ್ಟದ ಅಪ್ರೆಂಟಿಸ್‌ಗಳಿಗೆ 2019ರ ನಿಯಮಗಳು ಗೊತ್ತುಪಡಿಸಿದ ಕನಿಷ್ಠ ಶಿಷ್ಯವೇತನ 9,000 ರೂಪಾಯಿ. ಅಷ್ಟು ಹಣದಲ್ಲಿ ಯಾದಗಿರಿಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ, ಊಟ, ಬಸ್ಸಿನ ಖರ್ಚು ಭರಿಸುವುದು ಕಷ್ಟ, ಮನೆಯವರು ಕಳುಹಿಸಲು ಒಪ್ಪುವುದು ಅದಕ್ಕಿಂತ ಕಷ್ಟ. ರಾಜ್ಯದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳೂ 14,000ಕ್ಕೂ ಹೆಚ್ಚು ಪ್ರಾಥಮಿಕ ಹಾಲು ಉತ್ಪಾದಕರ ಸಹಕಾರ ಸಂಘಗಳೂ ಇವೆ. ಸಹಕಾರ ಬ್ಯಾಂಕುಗಳು, ತಾಲ್ಲೂಕು ಆಸ್ಪತ್ರೆಗಳು, ಸ್ವಸಹಾಯ ಸಂಘಗಳ ಒಕ್ಕೂಟಗಳು ಪ್ರತಿ ಕಾಲೇಜಿನ ಕೈಯಳತೆಯಲ್ಲಿವೆ. ಲೆಕ್ಕಪತ್ರ, ದಾಖಲೆ ನಿರ್ವಹಣೆ, ಜನರೊಂದಿಗೆ ವ್ಯವಹರಿಸುವ ರೀತಿ ಇವನ್ನೆಲ್ಲ ಕಲಿಸಬಲ್ಲ ಈ ಸಂಸ್ಥೆಗಳನ್ನು ಇಂಟರ್ನ್‌ಶಿಪ್ ತಾಣಗಳೆಂದು ಅಧಿಕೃತವಾಗಿ ಗುರುತಿಸುವುದು ಸರ್ಕಾರಕ್ಕೆ ಅಸಾಧ್ಯವಾದ ಕೆಲಸವೇನಲ್ಲ.

ಸಂವಹನ ಕೌಶಲವೆಂದರೆ ಇಂಗ್ಲಿಷ್ ಮಾತನಾಡುವುದು ಎಂದಷ್ಟೇ ಅರ್ಥೈಸುವ ರೂಢಿಯೂ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳ ಆತ್ಮವಿಶ್ವಾಸವನ್ನು ಕುಗ್ಗಿಸಿದೆ. ಇಂಗ್ಲಿಷ್ ಬೇಕು, ಅದನ್ನು ಈಗಿನದಕ್ಕಿಂತ ಚೆನ್ನಾಗಿ ಕಲಿಸಬೇಕು. ಆದರೆ ವಾದವನ್ನು ಕಟ್ಟುವುದು, ವರದಿ ಬರೆಯುವುದು, ಪ್ರಶ್ನೆಗೆ ನೇರವಾಗಿ ಉತ್ತರಿಸುವುದು ಮೊದಲು ಕನ್ನಡದಲ್ಲಿ ಸಿದ್ಧಿಸಿದರೆ ಇಂಗ್ಲಿಷಿಗೆ ದಾಟುವ ಹಾದಿ ಸುಗಮವಾಗುತ್ತದೆ.

ಇವೆಲ್ಲ ಕೊನೆಗೆ ಅಧ್ಯಾಪಕರ ಮೇಲೆಯೇ ನಿಂತಿವೆ. ರಾಜ್ಯದ 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬೋಧನೆಯ ದೊಡ್ಡ ಹೊರೆಯನ್ನು ಹೊತ್ತಿರುವವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇವೆಯೋ ಇಲ್ಲವೋ ಎಂಬ ಖಾತ್ರಿಯಿಲ್ಲದವರಿಂದ ಎಪಿಎಂಸಿಯೊಡನೆ ಒಡಂಬಡಿಕೆ, ವರ್ಷವಿಡೀ ಕ್ಷೇತ್ರಕಾರ್ಯದ ಮೇಲ್ವಿಚಾರಣೆ, ಪ್ರತಿ ವಿದ್ಯಾರ್ಥಿಯ ವರದಿಯ ತಿದ್ದುಪಡಿ ನಿರೀಕ್ಷಿಸುವುದು ನ್ಯಾಯವಲ್ಲ. ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳು ಮುಂದಿನ ಪಠ್ಯ ಪರಿಷ್ಕರಣೆಯಲ್ಲಿ ಪ್ರತಿ ಪ್ರಧಾನ ವಿಷಯಕ್ಕೂ ಕನಿಷ್ಠ ಒಂದು ಕ್ಷೇತ್ರಾಧಾರಿತ ಘಟಕವನ್ನು ಕಡ್ಡಾಯಗೊಳಿಸಬೇಕು. ಸರ್ಕಾರವು ಅದನ್ನು ನಡೆಸಬಲ್ಲ ಕಾಯಂ ಅಧ್ಯಾಪಕರನ್ನು ಮೊದಲು ನೇಮಿಸಬೇಕು.