ಮಸೂರ ಮಂಕಾದರೆ ಹೊಣೆ ಯಾರದು?

ಸೂರ್ಯನ ಬೆಳಕಿಗೆ ಇನ್ನೂ ಯಾರೂ ಕಂದಾಯ ಹಾಕಿಲ್ಲ. ಆದರೆ ಅದನ್ನು ಹಿಡಿಯುವ ಯಂತ್ರಕ್ಕೆ ಜನತೆಯ ಹಣ ಹೋಗುತ್ತದೆ. ಆದುದರಿಂದ ಆ ಯಂತ್ರ ಎಷ್ಟು ವರ್ಷ ಬಾಳೀತೆಂಬುದು ಕೇವಲ ಇಂಜಿನಿಯರರ ಪ್ರಶ್ನೆಯಲ್ಲವೆಂದು ನಾವು ತಿಳಿಯುತ್ತೇವೆ.

ಬಿಸಿಲನ್ನು ನೂರಾರು ಪಟ್ಟು ಒಟ್ಟುಗೂಡಿಸಿ ಪುಟ್ಟ ಕೋಶದ ಮೇಲೆ ಬೀಳಿಸಿ ವಿದ್ಯುತ್ತು ಪಡೆಯುವ ವಿಧಾನವೊಂದುಂಟು. ಅದಕ್ಕೆ ಬೇಕಾದ ಹಲ್ಲುಹಲ್ಲಿನ ತೆಳು ಮಸೂರವನ್ನು ಫ್ರೆಂಚ್ ವಿಜ್ಞಾನಿ ಫ್ರೆನೆಲ್ ೧೮೨೦ರ ದಶಕದಲ್ಲಿ ದೀಪಸ್ತಂಭಗಳಿಗಾಗಿ ಗಾಜಿನಲ್ಲಿ ಮಾಡಿಸಿದ. ಇತ್ತೀಚಿನ ಕಾರ್ಖಾನೆಗಳು ಅಗ್ಗವೆಂದು, ಹಗುರವೆಂದು ಅಕ್ರಿಲಿಕ್ ಪ್ಲಾಸ್ಟಿಕ್ಕನ್ನು ಹಿಡಿದವು.

ಪ್ಲಾಸ್ಟಿಕ್ ಎಂದೊಡನೆ ಮೂಗು ಮುರಿಯುವುದು ನ್ಯಾಯವಲ್ಲ. ಅಮೆರಿಕದ ಆಲ್ಬುಕರ್ಕಿಯಲ್ಲಿ ೧೭ ವರ್ಷ ೮ ತಿಂಗಳು ಬಯಲಿನಲ್ಲಿದ್ದ ಅಕ್ರಿಲಿಕ್ ಹಾಳೆಗಳಲ್ಲಿ ಬೆಳಕು ಹಾಯುವುದು ಶೇಕಡ ೧೦ರಷ್ಟು ಮಾತ್ರ ಕುಗ್ಗಿತ್ತೆಂದು ೧೯೭೫ರಲ್ಲಿ ಪ್ರಕಟವಾಯಿತು. ಆದರೆ ಸಪಾಟು ಹಾಳೆಯೇ ಬೇರೆ, ಮಸೂರವೇ ಬೇರೆ. ಅಕ್ರಿಲಿಕ್ ಕಾದರೆ ಗಾಜಿಗಿಂತ ಏಳೆಂಟು ಪಟ್ಟು ಹಿಗ್ಗುತ್ತದೆ, ತೇವ ಹೀರಿ ಉಬ್ಬುತ್ತದೆ. ಮಸೂರ ತುಸು ಡೊಂಕಾದರೂ ಬೆಳಕಿನ ಚುಕ್ಕೆ ಕೋಶದಿಂದ ಜರುಗುತ್ತದೆ. ಮರಳುಗಾಳಿ ಮೈ ಗೀರುತ್ತದೆ. ಗೀರಿನಲ್ಲಿ ಚದುರಿದ ಬೆಳಕು ಸಾದಾ ಫಲಕಕ್ಕಾದರೆ ಬಹುಮಟ್ಟಿಗೆ ದಕ್ಕೀತು, ಇಲ್ಲಿ ಅದು ನಷ್ಟದ ಬಾಬ್ತು. (ಒರೆಸುವ ಕೂಲಿಯವನ ಒರಟು ಬಟ್ಟೆಯೂ ಗೀರುತ್ತದೆ, ನಿಜ. ತಪ್ಪು ಅವನದೆನ್ನುವ ಸ್ವಾಮಿಗಳು ಅವನಿಗೆ ಮೆತ್ತನೆಯ ಬಟ್ಟೆ ಕೊಡಿಸಿದ್ದಾರೆಯೆ?) ೨೦೦೭ರ ಅಂತರರಾಷ್ಟ್ರೀಯ ಮಾನಕ ಐಇಸಿ ೬೨೧೦೮ರ ಪರೀಕ್ಷೆಗಳು ಎಳವೆಯ ದೋಷಗಳನ್ನು ಹಿಡಿಯುತ್ತವೆ, ಇಪ್ಪತ್ತೈದು ವರ್ಷದ ಬಾಳಿಕೆಗೆ ಅವು ಸಾಕ್ಷಿಯಲ್ಲ.

ಕಾಲರಾಡೊದ ಅಲಮೋಸದಲ್ಲಿ ೨೦೧೨ರಲ್ಲಿ ಅಕ್ರಿಲಿಕ್ ಮಸೂರಗಳ ೩೦ ಮೆಗಾವಾಟ್ ಸ್ಥಾವರ ಎದ್ದಿತು. ವಿದ್ಯುತ್ ಖರೀದಿಯ ಕರಾರು ೨೦ ವರ್ಷದ್ದು. ೯ ಕೋಟಿ ಡಾಲರ್ ಮೀರಿದ ಸಾಲಕ್ಕೆ ಅಮೆರಿಕ ಸರಕಾರದ ಜಾಮೀನು. ಅದೇ ವರ್ಷ, ಯಂತ್ರ ತಯಾರಿಸಿದ ಅಮೋನಿಕ್ಸ್ ಕಂಪೆನಿ ನೆವಾಡದ ತನ್ನ ಕಾರ್ಖಾನೆಗೆ ಬೀಗ ಹಾಕಿತು. ತೆರೆದು ಒಂದೂವರೆ ವರ್ಷವೂ ಆಗಿರಲಿಲ್ಲ. ಮಸೂರ ಕೆಟ್ಟು ಮುಚ್ಚಿತೆಂದು ನಾವು ಹೇಳುತ್ತಿಲ್ಲ; ಆ ಹೊತ್ತಿಗೆ ಸಾದಾ ಸಿಲಿಕಾನ್ ಫಲಕಗಳ ಬೆಲೆ ಕುಸಿದಿತ್ತು. ನಮ್ಮ ಪ್ರಶ್ನೆ ಇಷ್ಟೆ: ಹತ್ತನೆಯ ವರ್ಷ ಮಸೂರ ಮಂಕಾದರೆ ಬದಲಿಗಾಗಿ ತಟ್ಟುವುದು ಯಾವ ಬಾಗಿಲನ್ನು? ಬಂಡವಲಿಗನ ಪ್ಲಾಸ್ಟಿಕ್ಕಿಗಿಂತ ಬಂಡವಲಿಗನೇ ಬೇಗ ಮಾಸಿದ.

ಪಾವಗಡದ ಸೌರ ಉದ್ಯಾನದಲ್ಲಿರುವುದು ಗಾಜು ಹೊದ್ದ ಸಾದಾ ಫಲಕಗಳು, ಮಸೂರಗಳಲ್ಲ. ಆದರೂ ಅಲ್ಲಿಯ ರೈತರು ೨೮ ವರ್ಷಕ್ಕೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ರೈತನನ್ನು ಕಟ್ಟಿಹಾಕುವ ಅವಧಿ ಯಂತ್ರದವನನ್ನೂ ಕಟ್ಟಲಿ. ಸರಕಾರದ ಸಾಲವೋ ಜಾಮೀನೋ ಬಿದ್ದಲ್ಲೆಲ್ಲ, ಬಯಲಿನಲ್ಲಿಟ್ಟ ಮಾದರಿಗಳ ಅಳತೆ ವರ್ಷವರ್ಷವೂ ಪ್ರಕಟವಾಗಬೇಕು. ಕಂಪೆನಿ ಮುಚ್ಚಿದ ದಿನ ಅದರ ಅಚ್ಚುಗಳೂ ನಕ್ಷೆಗಳೂ ಸಾರ್ವಜನಿಕ ಸ್ವತ್ತಾಗಬೇಕು. ಈ ಎರಡು ಷರತ್ತುಗಳಿಲ್ಲದ ಕರಾರಿಗೆ ಸರಕಾರ ಸಹಿ ಹಾಕಕೂಡದು.