ದೀಪವುಂಟು, ಎಚ್ಚರವಿಲ್ಲ

ಗುಂಡಿ ಒತ್ತಿದೊಡನೆ ದೀಪ ಹೊತ್ತುತ್ತದೆ, ಒಳಗಿನ ಬೀಸಣಿಗೆ ಗುಂಯ್‌ಗುಡುತ್ತದೆ. ಪರದೆ ಮಾತ್ರ ಕಪ್ಪು. ಲ್ಯಾಪ್‌ಟಾಪು ಸತ್ತಿತೆಂದು ಶೋಕಿಸುವ ಮುನ್ನ ಚಾರ್ಜರನ್ನೂ ಹೊರಗಿನ ತಂತಿಗಳನ್ನೂ ಕಳಚಿ, ಅದೇ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಉಳಿಕೆಯ ವಿದ್ಯುತ್ತು ಹರಿದುಹೋಗಿ ಯಂತ್ರ ಎಚ್ಚರಗೊಳ್ಳುವುದುಂಟು.

ತಯಾರಕರ ಮುದ್ರೆ ಮೂಡಿ ಅಲ್ಲಿಯೇ ನಿಂತಿತೋ, ದೋಷ ಬಹುಮಟ್ಟಿಗೆ ಡಿಸ್ಕಿನದು, ಇಲ್ಲವೆ ವಿಂಡೋಸಿನದು. ಆಗ ಅಂಗಡಿಯವರು ಜಪಿಸುವ ಮಂತ್ರ ಒಂದೇ: 'ಫಾರ್ಮ್ಯಾಟ್'. ಹೆಸರು ದೊಡ್ಡದು, ಅರ್ಥ, ಅಳಿಸಿಹಾಕುವುದು ಎಂದಷ್ಟೆ. ಯಂತ್ರವೇನೋ ಎದ್ದೀತು, ಮೂರು ವರ್ಷ ಬರೆದ ಪ್ರಬಂಧ ಏಳದು. ಆದುದರಿಂದ ಮೊದಲು ಪೆನ್‌ಡ್ರೈವಿನಲ್ಲಿ ತುಂಬಿದ ಲಿನಕ್ಸಿನಿಂದ ಯಂತ್ರವನ್ನೆಬ್ಬಿಸಿ ಕಡತಗಳನ್ನು ಬೇರೆಡೆಗೆ ಸಾಗಿಸತಕ್ಕದ್ದು. ಡಿಸ್ಕಿಗೆ ಬಿಟ್‌ಲಾಕರಿನ ಬೀಗವಿದ್ದರೆ 48 ಅಂಕಿಗಳ ಕೀಲಿ ಬೇಕು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಂತ್ರ ನೆಟ್ಟಗಿರುವಾಗಲೇ ಅದನ್ನು ಕಾಗದದಲ್ಲಿ ಬರೆದಿಡಿ.